ಆರು ಸೂಜಿ

ಸಾಯುವ ಹಿಂದಿನ ದಿನ ಅವನು ಬೆಳಗಿನಿಂದ ಸಂಜೆವರೆಗೆ ಬೈದದ್ದು ಆರು ಸೂಜಿಗಳನ್ನು, ಅವನ್ನು ಒರೆಸುವ ಹೆಂಡತಿಯನ್ನು.

ಬೀದಿಯವರು ಅವನನ್ನು ಬೋರ್ಡಿನವರು ಅನ್ನುತ್ತಿದ್ದರು. ಟ್ಯಾಂಕು ತುಂಬಿದರೆ ಮೋಟಾರನ್ನು ತಾನೇ ನಿಲ್ಲಿಸುವ ಪೆಟ್ಟಿಗೆ ಇರುತ್ತದಲ್ಲ, ಅದರೊಳಗಿನ ಹಸಿರು ಬೋರ್ಡಿಗೆ ಬುದ್ಧಿ ತುಂಬುವುದು ಅವನ ಕೆಲಸ. ಬೋರ್ಡಿನ ಮೇಲೊಂದು ಕರಿ ಚಿಪ್. ಬರುವಾಗ ಅದರ ತಲೆ ಖಾಲಿ. ಮುಂದಿನ ಕೋಣೆಯ ಮೇಜಿನ ಮೇಲೆ ಅವನೇ ಮಾಡಿದ ಮರದ ಚೌಕಟ್ಟಿತ್ತು, ಅದರಲ್ಲಿ ಸ್ಪ್ರಿಂಗಿನ ಮೇಲೆ ನಿಂತ ಆರು ಸೂಜಿ. ಬೋರ್ಡನ್ನು ಅವುಗಳ ಮೇಲೆ ಒತ್ತಿ ಹಿಡಿದರೆ ಕಂಪ್ಯೂಟರಿನ ಪ್ರೋಗ್ರಾಮು ಸೂಜಿಗಳ ಮೂಲಕ ಚಿಪ್‌ಗೆ ಇಳಿಯುತ್ತಿತ್ತು. ಹಸಿರು ದೀಪ ಬಂದರೆ ಆಯಿತು. ಕೆಂಪು ಬಂದರೆ ಚಿಪ್ ಮಾತು ಕೇಳಲಿಲ್ಲ ಎಂದರ್ಥ.

ಸೂಜಿ ಒರೆಸುವುದು ಹೆಂಡತಿಯ ಪಾಲಿಗೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹಲ್ಲುಜ್ಜಿ ಸವೆದ ಬ್ರಷ್ಷು, ಒಂದಿಷ್ಟು ಸ್ಪಿರಿಟ್ಟು, ಸೂಜಿಗೆ ನಾಲ್ಕು ಉಜ್ಜು. ಒಲೆಯ ಮೇಲೆ ಹಾಲಿಟ್ಟು, ಉಕ್ಕುವುದರೊಳಗೆ ಮುಗಿಸುತ್ತಿದ್ದಳು.

ಅಂದು ಹೊಸದಾಗಿ ಬಂದ ನಲವತ್ತು ಬೋರ್ಡು. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು.

“ಲೇ, ಸೂಜಿ ಒರೆಸಿದ್ಯಾ?”

“ಒರೆಸಿದೀನಿ.”

“ಆರೂನೂ?”

“ಇಲ್ಲ, ಐದು ಒರೆಸಿ ಒಂದನ್ನ ನಿಮ್ಮ ತಂಗಿಗೆ ಅಂತ ಬಿಟ್ಟಿದೀನಿ.”

ಅವನು ನಗಲಿಲ್ಲ. ವೈರು ಬದಲಾಯಿಸಿದ. ವೈರು ಉದ್ದವಾಯಿತೆಂದು ಕತ್ತರಿಸಿ ಗಿಡ್ಡ ಮಾಡಿದ. ಕಂಪ್ಯೂಟರು ಆರಿಸಿ ಹೊತ್ತಿಸಿದ. ಬೋರ್ಡಿಗೆ ಬೇರೆ ಕಡೆಯಿಂದ ಕರೆಂಟು ಕೊಟ್ಟ. ಹಣೆಯ ಮೇಲಿದ್ದ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದ. ದೀಪ ಮಾತ್ರ ಕೆಂಪು.

“ಏಳು ವರ್ಷದಿಂದ ಇದೇ ಚಿಪ್, ಇದೇ ಬೋರ್ಡು. ಸೂಜೀಲೇ ಏನೋ ಆಗಿದೆ ಕಣೇ.”

“ಏಳು ವರ್ಷದಿಂದ ಇದೇ ಕೈಯಲ್ವಾ ಒರೆಸ್ತಿರೋದು?”

“ಅದೇ ಮತ್ತೆ! ಉಜ್ಜಿ ಉಜ್ಜಿ ಸವೆಸಿಬಿಟ್ಟಿದೀಯ.”

ಒರೆಸದಿದ್ದರೂ ತಪ್ಪು, ಒರೆಸಿದರೂ ತಪ್ಪು. ಅವಳು ಪಾತ್ರೆ ಕುಕ್ಕಿ ಮಾತು ಬಿಟ್ಟಳು. ರಾತ್ರಿ ಊಟಕ್ಕೆ ಕರೆದದ್ದು ಕೂಡ ತಟ್ಟೆಯ ಸದ್ದಿನಿಂದಲೇ.

ಬೆಳಿಗ್ಗೆ ಮುಖ ತೊಳೆಯಲು ಹೋದವನು ಬಚ್ಚಲಲ್ಲಿ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿದೆ ಅಂದರು.

ಬಂದವರೆಲ್ಲ ಸಮಾಧಾನ ಹೇಳಿದರು. ಅವಳ ಕಿವಿಗೆ ಏನೂ ಹೋಗಲಿಲ್ಲ. ತಲೆಯಲ್ಲಿ ಒಂದೇ ಹುಳ. ಹಿಂದಿನ ಬೆಳಿಗ್ಗೆ ಒರೆಸುವಾಗ ಹಾಲು ಉಕ್ಕಿತ್ತು, ಎದ್ದು ಓಡಿದ್ದಳು. ಆಗ ಐದು ಸೂಜಿ ಆಗಿತ್ತೋ, ಆರೋ? ಸೂಜಿಯಿಂದ ಯಾರೂ ಸಾಯುವುದಿಲ್ಲ, ಅಷ್ಟು ಅವಳಿಗೂ ಗೊತ್ತು. ಆದರೆ ಕಡೆಯ ದಿನವೆಲ್ಲ ಅವನು ಉರಿದುಕೊಂಡದ್ದು ತನ್ನಿಂದಲೋ ಅಲ್ಲವೋ? ಆ ಚೌಕಟ್ಟನ್ನು ಅವಳು ಮತ್ತೆ ಮುಟ್ಟಲಿಲ್ಲ.

ತಿಂಗಳ ಮೇಲೆ ನಾದಿನಿ ಬಂದಳು. ತೂಕದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಬೋರ್ಡು ಪರೀಕ್ಷೆ ಮಾಡುವವಳು. ಮೇಜಿನ ಮುಂದೆ ಕೂತು ಒಂದು ಬೋರ್ಡು ಒತ್ತಿದಳು. ಕೆಂಪು.

“ಅತ್ತಿಗೆ, ಸೂಜಿ ಒರೆಸಿದ್ರಾ?”

“ಇದೇನು ನಿಮ್ಮ ಮನೆತನದ ಕಾಯಿಲೆನಾ?”

ನಾದಿನಿ ಬೆಪ್ಪಾಗಿ ಬ್ರಷ್ಷಿಗೆ ಕೈ ಹಾಕಿದಳು. ಅವಳು ಆ ಕೈ ಹಿಡಿದಳು.

“ಮುಟ್ಬೇಡ. ಅವತ್ತು ಹೇಗಿತ್ತೋ ಹಾಗೇ ನೋಡು. ಸೂಜಿಯಿಂದ್ಲೇ ಅಂತ ತೋರ್ಸು, ಇಲ್ಲಾ ಅಲ್ಲ ಅಂತ ತೋರ್ಸು. ಅಲ್ಲೀವರೆಗೂ ನಿಂಗೆ ಊಟ ಇಲ್ಲ.”

“ಅಣ್ಣಂಗೂ ಹೀಗೇ ಉಪವಾಸ ಕೆಡವ್ತಿದ್ರಾ?”

“ಅವರಿಗೆ ಕರೆದು ಬಡಿಸ್ತಿದ್ದೆ. ಬೈಸ್ಕೊಂಡು ಬಡಿಸ್ತಿದ್ದೆ.”

ಬಾಗಿಲ ಹಿಂದೆ ಮೊಳೆಗೆ ಹಳೆಯ ಬೋರ್ಡೊಂದು ನೇತಾಡುತ್ತಿತ್ತು, ಮಾದರಿಗೆ ಅಂತ. ನಾದಿನಿ ಅದನ್ನು ತಂದು, ದೂಳು ಕೂತ ಅದೇ ಸೂಜಿಗಳ ಮೇಲೆ ಒತ್ತಿದಳು.

ಹಸಿರು.

“ಸೂಜಿ ಅಲ್ಲ ಅತ್ತಿಗೆ.”

ಅವಳು ಕೂತುಬಿಟ್ಟಳು. ನಾದಿನಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಹೊಸದರಲ್ಲಿ ಚಿಪ್ ಪಕ್ಕದ ಒಂದು ಪುಟ್ಟ ಬಿಡಿಭಾಗ ತೋರಿಸಿದಳು.

“ಈ ಕೆಪಾಸಿಟರ್ ನೋಡಿ. ಹಳೇದರಲ್ಲಿ ಚಿಕ್ಕದು, ಇದರಲ್ಲಿ ಬೋರ್ಡು ಮಾಡೋರು ದೊಡ್ಡದು ಹಾಕಿ ಕಳ್ಸಿದಾರೆ. ಪ್ರೋಗ್ರಾಮು ಹಾಕೋಕೆ ಮುಂಚೆ ಚಿಪ್‌ನ ಒಂದು ಗಳಿಗೆ ಸುಮ್ಮನಿರ್ಸಬೇಕು. ಇದು ಕರೆಂಟು ಹಿಡ್ಕೊಂಡು ಬೇಗ ಬಿಡಲ್ಲ. ಚಿಪ್ ಸುಮ್ಮನಾಗೋದ್ರೊಳಗೆ ಕಂಪ್ಯೂಟರು ಮಾತಾಡಿ ಮುಗಿಸಿರುತ್ತೆ.”

ಅದನ್ನು ಕಿತ್ತು ಚಿಕ್ಕದನ್ನು ಬೆಸೆದಳು. ಒತ್ತಿದಳು. ಹಸಿರು.

“ಈ ಹಳೇ ಬೋರ್ಡು ಒತ್ತಿ ನೋಡೋಕೆ ಎಷ್ಟು ಹೊತ್ತು ಬೇಕು?”

“ಎರಡು ನಿಮಿಷ.”

“ಎರಡು ನಿಮಿಷ!” ಅವಳಿಗೆ ಮೈಯೆಲ್ಲ ಉರಿಯಿತು. “ಕಣ್ಣೆದುರಿಗೇ ನೇತಾಡ್ತಿತ್ತು. ದಿನವಿಡೀ ನನ್ನ ತಲೆ ತಿಂದ್ರು, ಅದನ್ನ ಮೊಳೆಯಿಂದ ತೆಗೀಲಿಲ್ಲ. ಈಗ ಯಾರನ್ನ ಬೈಲಿ ನಾನು?”

ಎದ್ದು ನಾದಿನಿಗೆ ತಟ್ಟೆ ಹಾಕಿದಳು.

ಉಳಿದ ಬೋರ್ಡುಗಳನ್ನು ನಾದಿನಿ ರಜೆಯ ದಿನ ಬಂದು ಸರಿಮಾಡಿಕೊಟ್ಟಳು. ಒತ್ತುವುದನ್ನು ಇವಳಿಗೂ ಕಲಿಸಿದಳು. ಈಗ ಬರುವ ಬೋರ್ಡುಗಳನ್ನೆಲ್ಲ ಇವಳೇ ಒತ್ತುತ್ತಾಳೆ. ಕೆಂಪು ಬಂದರೆ ಮೊದಲು ಮೊಳೆಯ ಕಡೆ ಹೋಗುತ್ತಾಳೆ.

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಕೂರುತ್ತಾಳೆ. ಬ್ರಷ್ಷು, ಸ್ಪಿರಿಟ್ಟು, ಸೂಜಿಗೆ ನಾಲ್ಕು ಉಜ್ಜು. ಹಾಲು ಉಕ್ಕಿದರೆ ಉಕ್ಕಲಿ, ಏಳುವುದಿಲ್ಲ. ಮುಗಿದ ಮೇಲೆ ಖಾಲಿ ಕುರ್ಚಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತಾಳೆ:

“ಆರೂ ಒರೆಸಿದೀನಿ ಕಣ್ರೀ.”