ಎರಡು ವ್ಯಾಟಿನ ಪಾಂಡಿತ್ಯ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರು ತೂಗುತ್ತಿದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಗೆಳೆಯರೇ: ತಾರೀಖಿನ ದಪ್ಪ ಅಂಕಿಯ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಅಚ್ಚು ಹಾಕಿ, ಹುಣ್ಣಿಮೆಗೊಂದು ಬಿಳಿ ಚುಕ್ಕೆ, ಅಮಾವಾಸ್ಯೆಗೊಂದು ಕರಿ ಚುಕ್ಕೆ ಇಟ್ಟ, ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು. ಅದರ ಮೇಲೆ ನನ್ನ ಹೆಂಡತಿ ಮಹಾದೇವಿ ನಳದ ನೀರು ಬಂದ ದಿನಕ್ಕೊಂದು ಗೀಟು, ಹೊಸ ಸಿಲಿಂಡರು ಹಚ್ಚಿದ ದಿನಕ್ಕೊಂದು ಸೊನ್ನೆ ಬರೆಯುತ್ತಾಳೆ. ಆ ಗೀಟು ಸೊನ್ನೆಗಳ ನಡುವೆ ಕೆಂಪು ಶಾಯಿಯಲ್ಲಿ ಕಾಣುವ ಗುಣಾಕಾರದ ಗುರುತುಗಳೆಲ್ಲ ನನ್ನವು. ಅವಳ ಗುರುತುಗಳಿಂದ ಮನೆ ನಡೆಯುತ್ತದೆ, ನನ್ನವುಗಳಿಂದ ವಿಜ್ಞಾನ ನಡೆಯುತ್ತದೆ ಎಂದು ಮೊನ್ನೆ ಮೊನ್ನೆಯವರೆಗೂ ನಾನು ನಂಬಿದ್ದೆ.

ನಾನು ನೇಕಾರರ ಊರಾದ ಬನಹಟ್ಟಿಯ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಎಲೆಯಡಿಕೆ, ಇಸ್ಪೀಟು, ರಾಜಕಾರಣ ಈ ಮೂರೂ ಇಲ್ಲದ ಗಂಡಸಿಗೆ ದೇವರು ಬೇರೆ ಯಾವುದಾದರೊಂದು ಪೀಡೆಯನ್ನು ಗಂಟು ಹಾಕಿಯೇ ಕಳಿಸುತ್ತಾನೆ. ನನಗೆ ಹ್ಯಾಮ್ ರೇಡಿಯೋ ಗಂಟುಬಿತ್ತು. ಪರೀಕ್ಷೆಗೆ ಕೂತು, ಸರ್ಕಾರದ ಪರವಾನಗಿ ಪಡೆದು, ಮಾಳಿಗೆಯ ಮೇಲೆ ತಂತಿ ಎಳೆದು, ಊಟದ ಡಬ್ಬಿಯಷ್ಟು ಗಾತ್ರದ ಯಂತ್ರವೊಂದರ ಮುಂದೆ ಕೂತು ಮೋರ್ಸ್ ಸಂಕೇತದಲ್ಲಿ ಟಿಕ್ ಟಿಕ್ ಎಂದು ಬಡಿದು ಜಗತ್ತನ್ನು ಕರೆಯುವುದು ನನ್ನ ಸಂಜೆಯ ಉದ್ಯೋಗ. ಯಂತ್ರದ ಶಕ್ತಿ ಎಷ್ಟೆಂದಿರಿ? ಎರಡೇ ವ್ಯಾಟು. ದೇವರಕೋಣೆಯಲ್ಲಿ ಇಡೀ ದಿನ ಮಿಣುಕುವ ಝೀರೋ ಬಲ್ಬು ಕೂಡ ಇದರ ಮುಂದೆ ಪೈಲ್ವಾನ. ಇಷ್ಟು ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವುದೇ ಒಂದು ವ್ರತ ಎಂದು ಸಾಧಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ನಾನೂ ಒಬ್ಬ. ದೊಡ್ಡ ಯಂತ್ರ ಕೊಳ್ಳುವ ತಾಕತ್ತಿಲ್ಲದ್ದಕ್ಕೆ ವ್ರತ ಎಂಬ ಹೆಸರು ಬಹಳ ಅನುಕೂಲದ್ದು. ಒಮ್ಮೆ ಜಪಾನಿನವನೊಬ್ಬ ನನಗೆ ಉತ್ತರ ಕೊಟ್ಟಾಗ ಓಣಿಗೆಲ್ಲ ಪೇಢೆ ಹಂಚಿದ್ದೆ. ಅವನ ಯಂತ್ರ ಭೀಮಬಲದ್ದೆಂದೂ, ಅವನ ಕಿವಿ ಇನ್ನೂ ದೊಡ್ಡದೆಂದೂ, ಅದರಲ್ಲಿ ನನ್ನ ಪೌರುಷ ಏನೂ ಇರಲಿಲ್ಲವೆಂದೂ ಪೇಢೆ ತಿಂದವರಿಗೆ ಹೇಳಲಿಲ್ಲ.

ಈ ಹವ್ಯಾಸದ ಸೊಗಸೆಲ್ಲ ಮುಗಿಲಿನಲ್ಲಿದೆ. ಎಷ್ಟೋ ಮೇಲೆ ಸೂರ್ಯ ಕಾಯಿಸಿದ ಪದರಗಳಿವೆಯಂತೆ. ನಮ್ಮ ಅಲೆಗಳು ಅಲ್ಲಿಗೆ ಹೋಗಿ ಬಡಿದು ಮತ್ತೆಲ್ಲೋ ನೆಲಕ್ಕಿಳಿಯುತ್ತವೆ. ಆ ಪದರ ನಿನ್ನೆ ಇದ್ದಂತೆ ಇಂದಿಲ್ಲ, ಮುಂಜಾನೆ ಇದ್ದಂತೆ ಸಂಜೆಗಿಲ್ಲ. ಇವತ್ತು ರಷ್ಯಾದವನು ಪಕ್ಕದ ಕಟ್ಟೆಯಲ್ಲಿ ಕೂತವನಂತೆ ಕೇಳಿಸುತ್ತಾನೆ, ನಾಳೆ ಮುಧೋಳದವನೂ ಕೇಳಿಸುವುದಿಲ್ಲ. ಹೀಗೆ ದಿನಕ್ಕೊಂದು ಬಗೆಯಾಗುವ ಮುಗಿಲಿನಿಂದ ನನ್ನಂಥವನಿಗೆ ಆಗುವ ದೊಡ್ಡ ಉಪಕಾರವೆಂದರೆ, ಏನೇ ಕೆಟ್ಟರೂ ತಪ್ಪನ್ನು ಮೇಲಕ್ಕೆ ಹೊರಿಸಬಹುದು.

ನನಗೆ ಈ ವಿದ್ಯೆ ಕಲಿಸಿದವರು ಬೀಳಗಿಯ ಬೀರಪ್ಪ ಕಾಕಾ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಪೊಲೀಸ್ ವೈರ್‌ಲೆಸ್ಸಿನಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ಊರಾಚೆಯ ಹೊಲದ ಮನೆಯಲ್ಲಿ ಇದ್ದವರು. ನನ್ನ ಈ ಎರಡು ವ್ಯಾಟಿನ ಡಬ್ಬಿಯನ್ನೂ ಅದರ ಅವಳಿಯನ್ನೂ ಒಂದೇ ವಾರದಲ್ಲಿ ಬೆಸುಗೆ ಹಾಕಿ, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ತಾವು ಇಟ್ಟುಕೊಂಡಿದ್ದರು. ಕಳೆದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತಿರುಗದಾಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚೂಪಾಗಿ ಉಳಿಯಿತು. ಫೋನಿನಲ್ಲಿ ಅವರ ತೊದಲು ನನಗೆ ತಿಳಿಯುತ್ತಿರಲಿಲ್ಲ, ವಿಡಿಯೋ ಹಚ್ಚಿದರೆ ಅವರು ಮುಖ ಆಚೆ ತಿರುಗಿಸಿಬಿಡುತ್ತಿದ್ದರು. ಉಳಿದದ್ದು ಎಡಗೈಯ ಒಂದು ಬೆರಳು ಮತ್ತು ಮೋರ್ಸ್ ಕೀಲಿ. ನಾನು ಅವರ ಹಾಸಿಗೆಯ ಪಕ್ಕ ಕೂತು, ದಿನಾಲೂ ಸಂಜೆ ಆರಕ್ಕೆ ಕರೆಯುತ್ತೇನೆ, ನೀವು ಉತ್ತರ ಕೊಡಬೇಕು ಎಂದು ಮಾತು ತೆಗೆದುಕೊಂಡು ಬಂದೆ. ಈ ಮನುಷ್ಯನಿಗೆ ಇನ್ನು ಮಾತೆಂಬುದು ಇದ್ದರೆ ಇದೊಂದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆರಕ್ಕೆ ಸರಿಯಾಗಿ ಕರೆಯತೊಡಗಿದೆ. ಉತ್ತರವಿಲ್ಲ. ಕಿವಿಗೆ ಹಚ್ಚಿದ ಹೆಡ್‌ಫೋನಿನಲ್ಲಿ ಜರ್ರ್ ಎಂಬ ಮುಗಿಲ ಗದ್ದಲವಲ್ಲದೆ ಮತ್ತೇನೂ ಇಲ್ಲ. ಕ್ಯಾಲೆಂಡರಿನಲ್ಲಿ ಗುಣಾಕಾರ ಹಾಕಿದೆ. ಮರುದಿನವೂ ಅದೇ. ತಿಂಗಳಿಗೆ ಒಂದು ಸಲವೋ ಎರಡು ಸಲವೋ ಮಾತ್ರ ಕಾಕಾನ ನಿಧಾನದ ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು. ಆಗ ನಾನು ಹಿಗ್ಗಿ ಹೀರೇಕಾಯಿಯಾಗಿ, ಇವತ್ತು ಪದರ ಹೇಗಿದೆ, ಸೂರ್ಯನ ಕಲೆಗಳು ಎಷ್ಟು ಎಂದೆಲ್ಲ ಅರ್ಧ ತಾಸು ಪಾಠ ಮಾಡುತ್ತಿದ್ದೆ. ಒಮ್ಮೆ ಅವರು ಒಂದೊಂದೇ ಅಕ್ಷರ ಬಡಿದು "ನಾ ದಿನಾ" ಎನ್ನುವಷ್ಟರಲ್ಲಿ, "ದಿನಾ ಆಗೂದಿಲ್ಲ ಕಾಕಾ, ಮುಗಲ ನಮ್ಮ ಕೈಯಾಗಿಲ್ಲ" ಎಂದು ನಾನೇ ವಾಕ್ಯ ಮುಗಿಸಿ ಕೊಟ್ಟಿದ್ದೆ. ಮಾಸ್ತರಿಕೆಯ ರೋಗ ಅದು. ಹುಡುಗರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ಅಭ್ಯಾಸ.

ಉತ್ತರ ಬಾರದ ದಿನಗಳಲ್ಲೂ ಕೀಲಿ ಬಿಡಲು ಮನಸ್ಸಾಗುತ್ತಿರಲಿಲ್ಲ. ಯಾರೂ ಕೇಳುತ್ತಿಲ್ಲವಲ್ಲ ಎಂಬ ಧೈರ್ಯದ ಮೇಲೆ ನನ್ನ ಮಂಡಿನೋವು, ಹೆಡ್ ಮಾಸ್ತರರ ಕಿರಿಕಿರಿ, ಮಹಾದೇವಿಯ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದು ಎಲ್ಲವನ್ನೂ ಬಡಿಯುತ್ತಿದ್ದೆ. ಒಂದು ಸಂಜೆ, ಕಾಕಾನನ್ನು ಆ ದಿನ ಮತ್ತೆ ದವಾಖಾನೆಗೆ ತೋರಿಸಿಕೊಂಡು ಬಂದರೆಂದು ಕೇಳಿದ ಮೇಲೆ, "ನೀವು ಹೋದರೆ ನಾ ಯಾರ ಜೋಡಿ ಮಾತಾಡ್ಲಿ ಕಾಕಾ, ನನಗ ಹೆದರಿಕಿ ಆಗತೈತಿ" ಎಂದು ಬಡಿದು, ಕಣ್ಣು ಒರೆಸಿಕೊಂಡು, ಗುಣಾಕಾರ ಹಾಕಿ ಮಲಗಿದೆ.

ವರ್ಷ ತುಂಬುತ್ತಲೇ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ನೋಡುತ್ತೇನೆ, ಕಾಕಾ ಕೇಳಿಸಿದ, ಗುಣಾಕಾರವಿಲ್ಲದ ದಿನಗಳು ಬಹುಪಾಲು ಆ ಕರಿ ಚುಕ್ಕೆಯ ಮೇಲೆಯೇ ಬಿದ್ದಿವೆ! ಅಮಾವಾಸ್ಯೆ! ಚಂದ್ರನಿಗೂ ಮುಗಿಲಿನ ಪದರಕ್ಕೂ ಯಾರೂ ಕಾಣದ ನಂಟೊಂದು ಇದೆ, ಅದು ಬನಹಟ್ಟಿಯ ಮಾಳಿಗೆಯ ಮೇಲೆ ನನಗೆ ಕಂಡಿದೆ! ಹನ್ನೆರಡು ಪುಟದ ಪ್ರಬಂಧ ಬರೆದೆ, ನಕ್ಷೆ ಹಾಕಿದೆ, ಸಿದ್ಧಾಂತಕ್ಕೆ ನನ್ನ ಹೆಸರನ್ನೇ ಇಡುವುದೋ ಊರಿನ ಹೆಸರನ್ನಿಡುವುದೋ ಎಂದು ಎರಡು ದಿನ ಯೋಚಿಸಿ, ವಿನಯವಂತನಾದ್ದರಿಂದ ಎರಡನ್ನೂ ಇಟ್ಟೆ. ಮೊದಲು ಮನೆಯಲ್ಲಿ ಓದಿ ನೋಡೋಣವೆಂದು, ರೊಟ್ಟಿ ಬಡಿಯುತ್ತಿದ್ದ ಮಹಾದೇವಿಯ ಮುಂದೆ ಕೂತು ಶುರು ಮಾಡಿದೆ. ಮೂರನೆಯ ಪುಟಕ್ಕೆ ಅವಳ ಕೈ ನಿಂತಿತು.

"ಅಲ್ರೀ," ಎಂದಳು, "ಅಮಾಸಿ ದಿನ ಓಣ್ಯಾಗ ಮಗ್ಗ ಬಂದ್ ಇರ್ತಾವಲ್ಲ. ಅದಕ್ಕ ಕೇಳಿರಬೇಕು. ಇದರಾಗ ಚಂದ್ರಂದೇನ ಐತಿ?"

ಇಷ್ಟು ಹೇಳಿ ಮುಂದಿನ ರೊಟ್ಟಿ ಬಡಿದಳು. ನನ್ನ ಒಂಬತ್ತು ಪುಟ ಇನ್ನೂ ಬಾಕಿ ಇದ್ದವು.

ನಮ್ಮ ಮನೆಯ ಎಡಕ್ಕೆ ಕರೆಂಟಿನ ಮಗ್ಗ, ಬಲಕ್ಕೆ ಮಗ್ಗ, ಹಿಂದೆ ಮಗ್ಗ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ತೊಳೆದು ಒರೆಸಿ, ಕಾಯಿ ಒಡೆದು, ಪೂಜೆ ಮಾಡಿ ಬಿಡುತ್ತಾರೆ. ಉಳಿದ ದಿನ ಆ ಮೋಟರು, ಸ್ಟಾರ್ಟರು, ಶೆಡ್ಡಿನ ಅಗ್ಗದ ಎಲ್‌ಇಡಿ ದೀಪಗಳು ಉಗುಳುವ ವಿದ್ಯುತ್ತಿನ ಗದ್ದಲವೆಲ್ಲ ನನ್ನ ತಂತಿಗೆ ಬಂದು ಅಡರುತ್ತದೆ. ಹೆಡ್‌ಫೋನಿನ ಆ ಜರ್ರ್ ಮುಗಿಲಿನದಲ್ಲ, ಪಕ್ಕದ ಶೆಡ್ಡಿನದು. ಕಾಕಾನ ಹೊಲದ ಮನೆಯ ಸುತ್ತ ಇಂಥ ಶೆಡ್ಡು ಒಂದೂ ಇಲ್ಲ. ಬೇರೆ ಊರಿನ ಹ್ಯಾಮ್ ಆಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ. ನಾನು ಮಗ್ಗದ ಖಟಖಟದೊಳಗೇ ಹುಟ್ಟಿದವನು. ಬನಹಟ್ಟಿಯವರಿಗೆ ಮಗ್ಗ ನಿಂತರೆ ಎಚ್ಚರವಾಗುತ್ತದೆಯೇ ಹೊರತು ನಡೆದರೆ ಅಲ್ಲ. ಹೊರಗಿನ ಆ ಸದ್ದು ಎಂದೂ ನನಗೆ ಸದ್ದೆನಿಸಿದ್ದಿಲ್ಲ, ಹಾಗಾಗಿ ಹೆಡ್‌ಫೋನಿನ ಒಳಗಿನದನ್ನೂ ಎಲ್ಲರ ಮುಗಿಲೂ ಹೀಗೇ ಗುಂಯ್ಗುಡುತ್ತದೆ ಎಂದುಕೊಂಡುಬಿಟ್ಟಿದ್ದೆ. ಸೂರ್ಯ, ಚಂದ್ರ, ಪದರ ಎಲ್ಲವನ್ನೂ ಅನುಮಾನಿಸಿದ ಪಂಡಿತನಿಗೆ ಪಕ್ಕದ ಗೋಡೆಯನ್ನು ಅನುಮಾನಿಸಲು ಹೊಳೆದಿರಲಿಲ್ಲ.

ಮರುದಿನ ಸಾಲೆ ಬಿಟ್ಟದ್ದೇ ಡಬ್ಬಿ, ಬ್ಯಾಟರಿ, ಒಂದು ಸುತ್ತು ತಂತಿ ಹೇರಿಕೊಂಡು ಸ್ಕೂಟರು ಹತ್ತಿದೆ. ಮಗ್ಗವಿಲ್ಲದ ಹೊಲ ಎರಡು ಮೈಲಿನಲ್ಲೇ ಸಿಗುತ್ತಿತ್ತು. ನನ್ನ ಮೇಲಿನ ನನ್ನ ಸಿಟ್ಟು ಜಮಖಂಡಿ ದಾಟಿಸಿ ಚಿಕ್ಕಪಡಸಲಗಿಯ ಬ್ಯಾರೇಜಿನ ತನಕ ಒಯ್ದಿತು. ರೈತರೇ ಕೂಡಿ ಕೃಷ್ಣೆಗೆ ಕಟ್ಟಿಕೊಂಡ ಒಡ್ಡು ಅದು. ಅವರೂ ನನ್ನ ಹಾಗೆ ಮುಗಿಲ ಕಡೆ ಬೆರಳು ತೋರಿಸಿ ಕೂತಿದ್ದರೆ ಅಲ್ಲಿ ಇಂದಿಗೂ ನೀರು ನಿಲ್ಲುತ್ತಿರಲಿಲ್ಲ. ದಂಡೆಯ ಜಾಲಿಮರಕ್ಕೆ ತಂತಿ ಎಸೆದು, ಹೆಡ್‌ಫೋನು ಹಚ್ಚಿದೆ. ಎಂಥ ನಿಶ್ಶಬ್ದ! ಯಂತ್ರ ಕೆಟ್ಟಿತೇನೋ ಎಂದು ಒಮ್ಮೆ ತಟ್ಟಿಯೂ ನೋಡಿದೆ. ಆರು ಗಂಟೆಗೆ ಕರೆದೆ.

ತಕ್ಷಣ ಉತ್ತರ ಬಂತು. ಎಡಗೈಯ ಆ ಕುಂಟು ಬಡಿತ, ಅಮಾವಾಸ್ಯೆಯಲ್ಲದ ದಿನ. ದಿನಾಲೂ ಉತ್ತರ ಕೊಡುತ್ತಿದ್ದಿರೇನು ಕಾಕಾ ಎಂದು ಕೇಳಿದೆ, ಕೇಳಿ, ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತೆ. ಅವರು ಬಡಿದದ್ದನ್ನು ಬರೆದುಕೊಳ್ಳಲು ಕಾಲು ತಾಸು ಹಿಡಿಯಿತು.

"ನಾಕೈದ ದಿನ ಮುಗಲ ಕೈಕೊಟ್ಟಿತ್ತು. ಉಳದ ದಿನ ಎಲ್ಲಾ ಕೇಳೇನಿ, ಎಲ್ಲಾಕ್ಕೂ ಜವಾಬ ಕೊಟ್ಟೇನಿ. ಮಂಡಿಗೆ ಎಣ್ಣಿ ತಿಕ್ಕು. ಉಪ್ಪ ಕಮ್ಮಿ ಆದರ ಸುಮ್ಮನ ಉಣ್ಣು, ಆಕಿ ಛಲೋ ಹೆಣಮಗಳು. ಹೆದರಬ್ಯಾಡ, ನಾ ಇನ್ನೂ ಹೋಗಿಲ್ಲ. ನೀ ಕರೀತಿ ಅಂತನ ದಿನಾ ಆರಕ್ಕ ಎದ್ದು ಕುಂದರತೇನಿ."

ನದೀದಂಡೆಯಲ್ಲಿ ಐವತ್ತು ದಾಟಿದ ಮಾಸ್ತರನೊಬ್ಬ ಹೆಡ್‌ಫೋನು ಹಚ್ಚಿಕೊಂಡು ಹೋ ಎಂದು ಅಳುವುದನ್ನು ನೋಡಿ, ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಪ್ಪನೊಬ್ಬ ನಿಂತು, "ಯಾರರೆ ಹೋದರೇನ್ರೀ?" ಎಂದು ಕೇಳಿದ. "ಇಲ್ರಿ, ಅದಾರ್ರಿ," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಎಮ್ಮೆಯನ್ನು ಬೇಗ ಬೇಗ ಹೊಡೆದುಕೊಂಡು ಹೋದ.

ಈಗ ದಿನಾಲೂ ಸಾಲೆ ಬಿಟ್ಟ ಮೇಲೆ ಊರಾಚೆಯ ಹೊಲವೊಂದರ ಬದುವಿನ ಮೇಲೆ ಕೂಡುತ್ತೇನೆ, ಹೆಚ್ಚು ಕೇಳುತ್ತೇನೆ, ಕಡಿಮೆ ಬಡಿಯುತ್ತೇನೆ. ಹನ್ನೆರಡು ಪುಟದ ಸಿದ್ಧಾಂತವನ್ನು ಮಹಾದೇವಿ ಸಂಡಿಗೆಯ ಡಬ್ಬಿಗಳ ಕೆಳಗೆ ಹಾಸಿದ್ದಾಳೆ, ಅದರ ನಕ್ಷೆಗಳು ಅಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ. ಕ್ಯಾಲೆಂಡರು ಮಾತ್ರ ಬಾಗಿಲ ಹಿಂದೆ ಹಾಗೇ ಇದೆ. ಅದರ ಮೊದಲ ಹಾಳೆಯ ಬುಡದಲ್ಲಿ, ಕೆಂಪು ಗುಣಾಕಾರವೆಂದರೆ "ಕಾಕಾ ಉತ್ತರ ಕೊಡಲಿಲ್ಲ" ಎಂದು ವರ್ಷದ ಹಿಂದೆ ನಾನೇ ವಿವರ ಬರೆದಿಟ್ಟಿದ್ದೆ. ನದಿಯಿಂದ ಬಂದ ದಿನವೇ ಅದನ್ನು ಹೊಡೆದುಹಾಕಿ, ಕೆಳಗೆ "ನನಗೆ ಕೇಳಿಸಲಿಲ್ಲ" ಎಂದು ತಿದ್ದಿದೆ. ಗುರುತುಗಳೆಲ್ಲ ಇದ್ದಲ್ಲೇ ಉಳಿದವು.

ಮಹಾದೇವಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ನನ್ನ ಹೆಗಲ ಮೇಲಿಂದ ಅದನ್ನು ಓದಿದಳು.

"ಹಂಗಾದ್ರ ನಾ ಹೇಳಿದ್ದು ಕೇಳಸಲಾರದ ದಿನಕ್ಕೂ ಒಂದೊಂದು ಹಾಕ್ರಿ," ಎಂದಳು. "ಆದ್ರ ಒಂದ ಕ್ಯಾಲೆಂಡರ್ ಸಾಲೂದಿಲ್ಲ ಬಿಡ್ರಿ."