ಒಂದು ಗೇಣು ಮೇಲೆ

ಹುಲಿಯಮ್ಮ ಹೊಟ್ಟೆಕಿಚ್ಚಿನ ಹೆಂಗಸು. ಕೋಪದಿಂದ ಹೇಳುತ್ತಿರುವ ಮಾತಲ್ಲ ಇದು; ಒಬ್ಬರ ರಕ್ತದ ಗುಂಪು ಯಾವುದೆಂದು ಹೇಳುವಂತೆ ಹೇಳುತ್ತಿದ್ದೇನೆ. ಅವಳಲ್ಲಿ ದುಡಿಮೆ ಇದೆ, ಧೈರ್ಯ ಇದೆ, ಹಟವೂ ಇದೆ. ಆದರೆ ಇವಿಷ್ಟನ್ನೂ ಹೊತ್ತಿಸುವ ಕಡ್ಡಿ ಒಂದೇ. ಇನ್ನೊಬ್ಬರಿಗೆ ಇದ್ದದ್ದು ತನಗೆ ಇಲ್ಲ ಎನ್ನುವ ಉರಿ.

ನಾನು ಕಡೂರಿನಲ್ಲಿದ್ದುಕೊಂಡು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವಳು. ಗುರಿ ಇಟ್ಟುಕೊಳ್ಳುವುದು ಹೇಗೆ, ಇಟ್ಟುಕೊಂಡದ್ದನ್ನು ಅರ್ಧಕ್ಕೆ ಬಿಡದೆ ಮುಟ್ಟುವುದು ಹೇಗೆ ಎಂಬುದಕ್ಕೆ ಪ್ರತಿ ವರ್ಷ ಹನ್ನೆರಡು ಪಾಠ ಮಾಡುತ್ತಿದ್ದೆ. ಒಳಗಿನಿಂದ ಬಂದ ಪ್ರೇರಣೆ ಬಾಳುತ್ತದೆ, ಹೊರಗಿನದು ಬೇಗ ಆರುತ್ತದೆ ಎಂದು ಬರೆಸುತ್ತಿದ್ದೆ. ಹುಲಿಯಮ್ಮ ನನ್ನ ತರಗತಿಯಲ್ಲಿ ಕೂತವಳಲ್ಲ. ಸಖರಾಯಪಟ್ಟಣದ ಹತ್ತಿರವಿರುವ ನಮ್ಮ ತೆಂಗಿನ ತೋಟಕ್ಕೆ ಹದಿನಾರು ವರ್ಷದಿಂದ ಕೆಲಸಕ್ಕೆ ಬರುವವಳು. ಈಗ ಅವಳಿಗೆ ನಲವತ್ತೊಂದು.

ಹುಟ್ಟಿದ್ದು ಬುಕ್ಕಾಂಬುಧಿಯಲ್ಲಿ, ಕೆರೆಯ ಏರಿಯ ಪಕ್ಕದ ಮನೆಯಲ್ಲಿ. ಅಣ್ಣ ತಿಮ್ಮರಾಯಪ್ಪ ಈಜು ಕಲಿತನೆಂದು ಮನೆಯಲ್ಲಿ ಎಲ್ಲರೂ ಹೊಗಳಿದರಂತೆ. ಆ ವಾರವೇ ಒಂಬತ್ತು ವರ್ಷದ ಇವಳು ಲಂಗ ಎತ್ತಿ ಕಟ್ಟಿಕೊಂಡು ನೀರಿಗಿಳಿದಳು. ನಾಲ್ಕು ದಿನ ನೀರು ಕುಡಿದು ಐದನೆಯ ದಿನ ಅಣ್ಣನಿಗಿಂತ ದೂರ ಹೋಗಿ ಬಂದಳು. ಆಮೇಲೆ ಆ ಕೆರೆಯಲ್ಲಿ ಅವಳು ಮತ್ತೆ ಈಜಲಿಲ್ಲ. ಅಣ್ಣ ಸೋತ ಮೇಲೆ ಈಜಿನಲ್ಲಿ ಅವಳಿಗೆ ಏನೂ ಉಳಿದಿರಲಿಲ್ಲ.

ಮದುವೆಯಾಗಿ ಸಖರಾಯಪಟ್ಟಣಕ್ಕೆ ಬಂದ ಮೇಲೂ ಕ್ರಮ ಇದೇ. ಸ್ವಸಹಾಯ ಸಂಘದಲ್ಲಿ ಜಯಲಕ್ಷ್ಮಮ್ಮ ಪೆನ್ನು ಹಿಡಿದು ಸಹಿ ಮಾಡಿದಳು, ಇವಳು ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟಿನ ಶಾಯಿ ಹೋಗುವ ಮೊದಲೇ ಮಗನ ಸ್ಲೇಟು ಹಿಡಿದು ಕೂತಳು. ಈಗ ಅವಳ ಸಹಿ ಜಯಲಕ್ಷ್ಮಮ್ಮನದಕ್ಕಿಂತ ಉದ್ದವಿದೆ. ಗಂಡನ ಹೆಸರನ್ನೂ ಸೇರಿಸಿ ಬರೆಯುತ್ತಾಳೆ. ಆರು ವರ್ಷದ ಹಿಂದೆ ಅಂಗನವಾಡಿಯ ತನುಜಾ ಮೊಪೆಡ್ಡಿನಲ್ಲಿ ಇವಳನ್ನು ದಾಟಿ, ಧೂಳೆಬ್ಬಿಸಿಕೊಂಡು, ಹಿಂದೆ ತಿರುಗಿಯೂ ನೋಡದೆ ಹೋದಳು. ಹುಲಿಯಮ್ಮ ಮೊಪೆಡ್ ಕಲಿತಳು. ಲೈಸೆನ್ಸಿಗೆಂದು ಎಂಟರ ಆಕಾರದಲ್ಲಿ ಗಾಡಿ ಸುತ್ತಿಸುವ ಪರೀಕ್ಷೆಯಲ್ಲಿ ಎರಡು ಸಲ ಕಾಲು ನೆಲಕ್ಕೆ ಕೊಟ್ಟು ಫೇಲಾದಳು. ಮೂರನೆಯ ಸಲ ಪಾಸಾದಳು. ಹೇಗೆ ಪಾಸಾದೆ ಎಂದು ಕೇಳಿದ್ದಕ್ಕೆ, "ಮುಂದ್ಗಡೆ ತನುಜಾ ಹೋಗ್ತಾವ್ಳೆ ಅಂದ್ಕಂಡೆ ಅಮ್ಮಾವ್ರೆ" ಎಂದಳು.

ಅವಳ ಸಾಧನೆಗಳನ್ನು ಬರೆದಿಡುವುದಾದರೆ ಪ್ರತಿಯೊಂದರ ಎದುರಿಗೂ ಒಬ್ಬ ಶತ್ರುವಿನ ಹೆಸರು ಬರೆಯಬೇಕಾಗುತ್ತದೆ. ಇದನ್ನು ಮೆಚ್ಚತಕ್ಕ ಗುಣವೆಂದು ನಾನು ಎಂದೂ ಎಣಿಸಿಲ್ಲ.

ಕೊನೆಯ ಹೆಸರು ಭೂಮಿಕಾಳದು. ಹುಲಿಯಮ್ಮನ ಗಂಡ ಬೀರಪ್ಪ. ಅವನ ತಮ್ಮ ವಿಜಯನ ಹೆಂಡತಿ ಭೂಮಿಕಾ. ಇಪ್ಪತ್ತಾರು ವರ್ಷ, ಪಿಯುಸಿ ಪಾಸು. ಓರಗಿತ್ತಿಯರು ಒಂದೇ ಮನೆ, ಒಂದೇ ಒಲೆ, ಒಂದೇ ರೇಷನ್ ಕಾರ್ಡು. ಮೊದಲು ಮನೆಯಲ್ಲಿ ಯಾವ ಮಾತಿಗೂ "ಹುಲಿಯಮ್ಮನ್ನ ಕೇಳು" ಎನ್ನುತ್ತಿದ್ದರು. ಭೂಮಿಕಾ ಬಂದ ಮೇಲೆ ಬ್ಯಾಂಕಿನ ಮೆಸೇಜು ಬಂದರೆ ಭೂಮಿಕಾ, ಆಸ್ಪತ್ರೆಯ ಚೀಟಿ ಓದಬೇಕಾದರೆ ಭೂಮಿಕಾ, ಗ್ಯಾಸ್ ಬುಕ್ ಮಾಡಲು ಭೂಮಿಕಾ. ಬೀರಪ್ಪ ಸಹ ಮೊಬೈಲು ಹಿಡಿದುಕೊಂಡು ತಮ್ಮನ ಹೆಂಡತಿಯ ಹತ್ತಿರ ಹೋಗುತ್ತಾನೆ. ಹುಲಿಯಮ್ಮ ಇದನ್ನು ಐದು ವರ್ಷ ನೋಡಿದಳು.

ಕಳೆದ ಚಳಿಗಾಲದಲ್ಲಿ ಹೆಂಗಸರಿಗೆ ತೆಂಗಿನ ಮರ ಹತ್ತುವ ತರಬೇತಿ ನಡೆಸಲು ತೋಟಗಾರಿಕೆ ಇಲಾಖೆಯವರು ನಮ್ಮ ತೋಟವನ್ನು ಕೇಳಿದರು. ಈಚೆಗೆ ಕಾಯಿ ಕೀಳುವವರೇ ಸಿಗುವುದಿಲ್ಲ. ತೋಟದವರೆಲ್ಲ ಅವರ ಮನೆ ಬಾಗಿಲಿಗೆ ಅಲೆಯುತ್ತಾರೆ. ನಾನು ಒಪ್ಪಿದೆ. ಆರು ದಿನ, ಸೋಮವಾರದಿಂದ ಶನಿವಾರ. ಕಲಿಸಲು ತರೀಕೆರೆಯಿಂದ ಧನಪಾಲ್ ಎಂಬ ತಾಳ್ಮೆಯ ಮನುಷ್ಯ ಬಂದರು. ಯಂತ್ರ ಸರಳವಾದದ್ದು. ಒಂದೊಂದು ಕಾಲಿಗೂ ಒಂದು ಕಬ್ಬಿಣದ ಮೆಟ್ಟಿಲು, ಅದರಿಂದ ಹೊರಟು ಮರವನ್ನು ಸುತ್ತುವ ಒಂದು ತಂತಿಯ ಕುಣಿಕೆ. ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಎತ್ತುತ್ತ ನಿಂತೇ ಹತ್ತಬೇಕು. ಸೊಂಟಕ್ಕೆ, ಜಾರಿದರೆ ಹಿಡಿದುಕೊಳ್ಳುವಂತೆ ಮರವನ್ನೂ ಸುತ್ತಿದ ಬೆಲ್ಟು; ಅದರ ಹಗ್ಗದ ತುದಿ ಕೆಳಗೆ ನಿಂತವರ ಕೈಯಲ್ಲಿ. ಕೊನೆಯ ದಿನ ಮಧ್ಯಾಹ್ನ ಪರೀಕ್ಷೆ. ಮರದ ತಲೆಯವರೆಗೂ ಹತ್ತಿ ಒಂದು ಗೊನೆ ಕೊಯ್ದು ಇಳಿದವರಿಗೆ ಯಂತ್ರ ಉಚಿತ.

"ಆದ್ರೆ ಒಂದು ರೇಷನ್ ಕಾರ್ಡಿಗೆ ಒಂದೇ ಯಂತ್ರ" ಎಂದು ಧನಪಾಲ್ ಮೊದಲ ದಿನವೇ ಹೇಳಿದರು. "ಒಂದೇ ಮನೆಯವರು ಇಬ್ರು ಪಾಸಾದ್ರೆ, ಬೇಗ ಹತ್ತಿ ಇಳಿದೋರ ಹೆಸರಿಗೆ."

ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಂತ್ರ ಯಾರ ಹೆಸರಿಗೆ ಬರುತ್ತದೋ ತೋಟದವರು ಬಂದು ಅವರನ್ನೇ ಕರೆಯಬೇಕು. ಆ ಮನೆಯ ಬಾಗಿಲಲ್ಲಿ ನಿಂತು ಯಾರ ಹೆಸರು ಕೂಗುತ್ತಾರೆ ಎಂಬುದೇ ಪ್ರಶ್ನೆಯಾಗಿತ್ತು. ಇಬ್ಬರಿಗೆ ಒಂದು ಮರದಂತೆ ಹಂಚಿದಾಗ ಹುಲಿಯಮ್ಮ ತಾನಾಗಿಯೇ ಹೋಗಿ ಭೂಮಿಕಾಳ ಪಕ್ಕ ನಿಂತಳು.

ಸೋಮವಾರ ಭೂಮಿಕಾ ಹತ್ತು ಅಡಿ ಹತ್ತಿದಳು. ಹುಲಿಯಮ್ಮ ಆರು ಅಡಿಗೆ ಮರವನ್ನು ತಬ್ಬಿಕೊಂಡು ನಿಂತುಬಿಟ್ಟಳು. ಸಾಯಂಕಾಲ ಭೂಮಿಕಾ ಮತ್ತೆ ಹತ್ತಿ, ಪುಟ್ಟ ಮಗಳ ಜಡೆಯ ಕೆಂಪು ಟೇಪನ್ನು ತಾನು ಮುಟ್ಟಿದ ಎತ್ತರದಲ್ಲಿ ಮರದ ಸುತ್ತ ಕಟ್ಟಿ ಬಂದಳು.

"ಏನೇ ಅದು, ಮರಕ್ಕೆ ಜಡೆ ಹಾಕ್ತಿದ್ಯಾ?" ಎಂದಳು ಹುಲಿಯಮ್ಮ.

"ಗುರ್ತಿಗೆ ಕಣಕ್ಕ. ನಾಳೆ ಅಲ್ಲಿಂದ ಮುಂದಕ್ಕೆ."

"ಹೂ ಮುಡಿಸೋದು ಮರ್ತೆ."

ಪಕ್ಕದ ಮರದವರು ನಕ್ಕರು. ಹುಲಿಯಮ್ಮ ನಗಲಿಲ್ಲ. ಮಂಗಳವಾರ ನಾನು ಮೊದಲ ಬಸ್ಸಿಗೆ ಬಂದು ಇಳಿದಾಗ ಅವಳು ಆಗಲೇ ಮರದ ಮೇಲಿದ್ದಳು, ತರಬೇತಿಯವರು ಕೊಟ್ಟ ಟ್ರ್ಯಾಕ್ ಪ್ಯಾಂಟಿನ ಮೇಲೆ ಬೀರಪ್ಪನ ಅಂಗಿ ಹಾಕಿಕೊಂಡು. ಕೆಳಗೆ ಬೀರಪ್ಪ ಬೆಲ್ಟಿನ ಹಗ್ಗ ಹಿಡಿದು ಆಕಳಿಸುತ್ತಿದ್ದ. ಟೇಪನ್ನು ದಾಟಿದ ಮೇಲೆ ಅವಳು ಸೊಂಟದಿಂದ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು, ಹೆಬ್ಬೆರಳಿನಿಂದ ಕಾಂಡಕ್ಕೆ ದಪ್ಪನೆಯ ಗೆರೆ ಎಳೆದಳು. ಟೇಪಿಗಿಂತ ಸರಿಯಾಗಿ ಒಂದು ಗೇಣು ಮೇಲೆ.

"ತುದಿ ಮುಟ್ಟುವ ಆಸೆ ಇದೆಯೇ ನಿನಗೆ?" ಎಂದು ಇಳಿದ ಮೇಲೆ ಕೇಳಿದೆ. ಪಾಠ ಮಾಡಿದವರಿಗೆ ಹೋಗದ ಚಟ ಇದು.

"ತುದೀಲಿ ಏನೈತೆ ಅಮ್ಮಾವ್ರೆ" ಎಂದಳು. "ತುದಿ ನೋಡಿದ್ರೆ ಕಾಲು ನಡುಗ್ತೈತೆ. ಟೇಪು ನೋಡಿದ್ರೆ ಹೊಟ್ಟೆ ಉರೀತೈತೆ. ಹೊಟ್ಟೆ ಉರಿಯೋವಾಗ ಕಾಲು ನಡುಗಾಕಿಲ್ಲ."

ನನ್ನ ಹನ್ನೆರಡು ಪಾಠಗಳಲ್ಲಿ ಆರನೆಯದು ಇದೇ. ದೂರದ ಗುರಿ ಹೆದರಿಸುತ್ತದೆ. ಕಣ್ಣಿಗೆ ಕಾಣುವ, ಕೈಗೆ ನಿಲುಕುವಷ್ಟು ಹತ್ತಿರದ ಗುರಿ ನಡೆಸುತ್ತದೆ. ನಾನು ಅದಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೆ. ಹೊಟ್ಟೆಯುರಿಯ ಮಾತನ್ನು ಮಾತ್ರ ಸೇರಿಸುತ್ತಿರಲಿಲ್ಲ.

ಅಂದು ಮಧ್ಯಾಹ್ನ ಭೂಮಿಕಾ ಟೇಪು ಬಿಚ್ಚಿ ಗೆರೆಯನ್ನು ದಾಟಿ ಮೇಲೆ ಕಟ್ಟಿದಳು. ಬುಧವಾರ ಬೆಳಿಗ್ಗೆ ಅದರ ಮೇಲೆ ಇನ್ನೊಂದು ಗೆರೆ. ಮತ್ತೆ ಟೇಪು ಮೇಲೆ, ಮತ್ತೆ ಗೆರೆ ಮೇಲೆ. ಬುಧವಾರ ಸಂಜೆಯ ಹೊತ್ತಿಗೆ ಟೇಪು ಇಪ್ಪತ್ತು ಅಡಿಯಲ್ಲಿತ್ತು, ಗೆರೆ ಒಂದು ಗೇಣು ಮೇಲಿತ್ತು. ಉಳಿದ ಮರಗಳಲ್ಲಿ ಯಾರೂ ಹದಿನೈದು ಅಡಿ ದಾಟಿರಲಿಲ್ಲ. ಧನಪಾಲರಿಗೆ ಸಂತೋಷ. "ಇವರಿಬ್ರನ್ನ ನೋಡ್ಕೊಂಡು ಕಲೀರಿ, ಎಷ್ಟು ಹೊಂದಾಣಿಕೆ" ಎಂದು ಉಳಿದವರಿಗೆ ಹೇಳಿದರು. ಅವರು ತರೀಕೆರೆಯವರು, ಆ ಮನೆಯ ಒಲೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಗುರುವಾರ ಭೂಮಿಕಾ ಜಾರಿದಳು. ಯಂತ್ರಗಳು ಕಡಿಮೆಯಿದ್ದುದರಿಂದ ಪಕ್ಕದ ಮರದವರು ಬಳಸಿದ್ದನ್ನೇ ಇವರು ತೆಗೆದುಕೊಂಡರು. ಆ ಮರ ದಪ್ಪ, ಇದು ಸಣ್ಣ. ಮರ ಬದಲಾದಾಗಲೆಲ್ಲ ಕುಣಿಕೆಯನ್ನು ಆ ಮರದ ಅಳತೆಗೆ ಬಿಗಿ ಮಾಡಬೇಕು. ಭೂಮಿಕಾ ಕೂತು ಅದನ್ನೇ ಮಾಡಲು ಹೊರಟಿದ್ದಳು.

"ಏನೇ, ಮದುವಣಗಿತ್ತಿ ಥರ ಎಷ್ಟೊತ್ತು ಸಿಂಗಾರ ಮಾಡ್ಕಂತೀಯ?" ಎಂದಳು ಹುಲಿಯಮ್ಮ. "ಹತ್ತೋಕೆ ಆಗ್ದಿದ್ರೆ ಹೇಳು, ನಾನು ಹತ್ತೀನಿ."

ಭೂಮಿಕಾ ಎದ್ದಳು. ಬಲಗಾಲಿನ ಕುಣಿಕೆ ಬಿಗಿಯಾಗಿತ್ತು, ಎಡಗಾಲಿನದು ಆಗಿರಲಿಲ್ಲ. ಹದಿನೆಂಟು ಅಡಿಯಲ್ಲಿ ಎಡಗಾಲಿನ ಮೆಟ್ಟಿಲು ಸರ್ರನೆ ಜಾರಿತು. ಬೆಲ್ಟು ಹಿಡಿದುಕೊಂಡಿತು. ಒಂದು ನಿಮಿಷದಷ್ಟು ಹೊತ್ತು ಅವಳು ಮರಕ್ಕೆ ಕೆನ್ನೆ ಒತ್ತಿ ನೇತಾಡಿದಳು. ಧನಪಾಲ್ ಏಣಿ ಹಾಕಿ ಇಳಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತಿತ್ತು, ಅಷ್ಟೇ. ಹುಲಿಯಮ್ಮ ನೀರು ತಂದು ಪಕ್ಕದಲ್ಲಿಟ್ಟಳು.

ಶುಕ್ರವಾರ ಭೂಮಿಕಾ ಯಂತ್ರ ಮುಟ್ಟಲಿಲ್ಲ. ಬಿದ್ದಿದ್ದ ಗರಿ ಎಳೆದುಕೊಂಡು ಪೊರಕೆಗೆಂದು ಕಡ್ಡಿ ಹೆರೆಯುತ್ತ ಕೂತಳು. ಹುಲಿಯಮ್ಮ ಒಬ್ಬಳೇ ಹತ್ತಿದಳು. ಟೇಪನ್ನು ದಾಟಿ, ತನ್ನ ಗೆರೆಯನ್ನು ದಾಟಿ, ನಿಲ್ಲದೆ ಮೇಲೆ ಹೋದಳು. ತಲೆ ಮುಟ್ಟಿ, ಗರಿಗಳ ಬುಡದಲ್ಲಿ ಎರಡು ಬೆರಳು ದಪ್ಪದ ಸುಣ್ಣದ ಗೆರೆ ಎಳೆದಳು. ಕೆಳಗಿನಿಂದಲೂ ಎದ್ದು ಕಾಣುತ್ತಿತ್ತು. ಇಪ್ಪತ್ತು ಹೆಂಗಸರಲ್ಲಿ ತಲೆ ಮುಟ್ಟಿದ ಮೊದಲನೆಯವಳು ಅವಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಂತ್ರ ನೀನೇ ತಗೋ ಅಕ್ಕ" ಎಂದಳು ಭೂಮಿಕಾ, ಕಡ್ಡಿಯಿಂದ ಕಣ್ಣೆತ್ತದೆ. "ಆ ಮೇಲಿನ ಗೆರೆ ನೋಡಿದ್ರೇನೆ ತಲೆ ತಿರುಗುತ್ತೆ. ನಾಳೆ ನಾನು ಬರಲ್ಲ."

"ಬರ್ದೆ ಏನ್ಮಾಡ್ತೀಯ?"

"ಗ್ಯಾಸ್ ಬುಕ್ ಮಾಡ್ತೀನಿ."

ಹುಲಿಯಮ್ಮ ಬೆಲ್ಟು ಬಿಚ್ಚಿ ಸುತ್ತಿಟ್ಟಳು. ಸಂಜೆ ಗೇಟಿನ ಹತ್ತಿರ ಸಿಕ್ಕಾಗ ನಾನೇ ಹೇಳಿದೆ: "ಇನ್ನು ನಿನಗೆ ಎದುರಾಳಿ ಇಲ್ಲ. ಯಂತ್ರ ನಿನ್ನದೇ." "ಹೂಂ" ಎಂದಳು. ಐದು ವರ್ಷ ಕಾದ ಗೆಲುವು ಕೈಗೆ ಬಂದಿತ್ತು. ಆದರೂ ಅವಳು ಬಾಯಿಗೆ ಎಲೆಯಡಿಕೆ ಸಹ ಹಾಕಿಕೊಂಡಿರಲಿಲ್ಲ. ನಾನು ಬಸ್ಸಿನಲ್ಲಿ ಕೂತು ಅದಕ್ಕೆ ಕಾರಣ ಹೇಳಿಕೊಂಡೆ. ಹೊಟ್ಟೆಕಿಚ್ಚಿನಿಂದ ಓಡುವವರಿಗೆ ಮುಂದೆ ಯಾರಾದರೂ ಇರಲೇಬೇಕು. ಅವರು ಕೂತರೆ ಇವರೂ ಕೂತಂತೆಯೇ. ಕೆರೆಯ ಈಜಿನಂತೆ ಇದೂ ಮುಗಿಯಿತು. ನಾಳೆ ಪರೀಕ್ಷೆ ಪಾಸಾಗುತ್ತಾಳೆ, ಆರು ತಿಂಗಳಲ್ಲಿ ಯಂತ್ರ ಅಟ್ಟ ಸೇರುತ್ತದೆ. ಹೀಗೆ ಸರಿಯಾಗಿ ಲೆಕ್ಕ ಹಾಕಿ ನಿದ್ದೆ ಮಾಡಿದೆ.

ಶನಿವಾರ ಮೊದಲ ಬಸ್ಸಿಗೇ ಬಂದೆ. ಮಂಜು ಇನ್ನೂ ತೋಟದಲ್ಲಿತ್ತು. ಬೀರಪ್ಪ ಹಗ್ಗ ಹಿಡಿದು ನಿಂತಿದ್ದ, ಹುಲಿಯಮ್ಮ ಮರದ ತಲೆಯಲ್ಲಿದ್ದಳು. ಸಮಯ ಉಳಿಸಲು ಅಭ್ಯಾಸ ಮಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳು ಇಳಿಯಲೊಲ್ಲಳು. ಒಂದು ಕೈಯಲ್ಲಿ ಕಾಂಡ ಹಿಡಿದು ಇನ್ನೊಂದರಲ್ಲಿ ಏನನ್ನೋ ಉಜ್ಜುತ್ತಿದ್ದಳು. ಬೂದು ನೀರು ಕಾಂಡದಗುಂಟ ಸಣ್ಣಗೆ ಇಳಿಯಿತು.

"ಏನು ಮಾಡುತ್ತಿದ್ದಾಳೆ?" ಎಂದು ಬೀರಪ್ಪನನ್ನು ಕೇಳಿದೆ.

"ಮರಕ್ಕೆ ಸ್ನಾನ ಮಾಡಿಸ್ತಾವ್ಳೆ ಅಮ್ಮ. ನಂಗೇನು ಗೊತ್ತು, ನಾಲ್ಕೂವರೆಗೆ ಎಬ್ಬಿಸ್ಬಿಟ್ಳು."

ಒದ್ದೆ ತೆಂಗಿನ ನಾರಿನ ಉಂಡೆಯಿಂದ ಅವಳು ಮೇಲಿನ ಗೆರೆಯನ್ನು ಪೂರ್ತಿ ಅಳಿಸಿದಳು. ಇಳಿಯುತ್ತ ಇಪ್ಪತ್ತು ಅಡಿಯ ಹತ್ತಿರ ನಿಂತು, ಕೆಂಪು ಟೇಪಿಗಿಂತ ಒಂದು ಗೇಣು ಮೇಲೆ ಮಾಸಿಹೋಗಿದ್ದ ಬುಧವಾರದ ಗೆರೆಯ ಮೇಲೆಯೇ ಹೊಸ ಸುಣ್ಣ ಬಳಿದಳು. ಕೆಳಗೆ ಬಂದು ನನ್ನನ್ನು ನೋಡಿ, ನಾನು ಅಲ್ಲಿ ಇಲ್ಲವೆಂಬಂತೆ ಕೈ ಒರೆಸಿಕೊಂಡಳು.

ಭೂಮಿಕಾ ಬರುವುದಿಲ್ಲ ಎಂದಿದ್ದಳು. ಎಂಟೂವರೆಗೆ ಬಂದಳು, ಕೈಗೆ ಬಟ್ಟೆ ಸುತ್ತಿಕೊಂಡು. ಹುಲಿಯಮ್ಮ ಬೆಳಗಿನ ಬುತ್ತಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳಂತೆ. ಅದನ್ನು ತಂದುಕೊಡಲು ಅತ್ತೆ ಕಳಿಸಿದ್ದರು. ಹದಿನಾರು ವರ್ಷದಲ್ಲಿ ಹುಲಿಯಮ್ಮ ಬುತ್ತಿ ಮರೆತದ್ದನ್ನು ನಾನು ಕಂಡಿಲ್ಲ.

ಭೂಮಿಕಾ ಬುತ್ತಿ ಕೆಳಗಿಟ್ಟು ಮರ ನೋಡಿದಳು. ತಲೆಯವರೆಗೂ ಕಣ್ಣು ಹೋಯಿತು, ಮತ್ತೆ ಕೆಳಗೆ ಬಂತು.

"ಮೇಲಿನ ಗೆರೆ ಎಲ್ಲಕ್ಕ?"

"ಮಂಜಿಗೆ ಹೋಯ್ತು."

"ಸುಣ್ಣ ಮಂಜಿಗೆ ಹೋಗುತ್ತಾ?"

"ಪಿಯುಸಿ ಓದಿರೋಳು ನೀನು, ನನ್ನೇನು ಕೇಳ್ತೀಯ. ಮೇಲ್ಗಡೆ ಯಾಕೆ ನೋಡ್ತೀಯ? ನಿನ್ ಟೇಪು ನೋಡು. ಅದಕ್ಕಿಂತ ಒಂದು ಗೇಣು ಮೇಲೈತೆ ನಂದು." ಬುತ್ತಿ ಎತ್ತಿಕೊಳ್ಳುತ್ತ ಹೇಳಿದಳು, "ಅಷ್ಟೂ ಆಗಲ್ಲ ಬಿಡು ನಿನ್ ಕೈಲಿ."

ಭೂಮಿಕಾ ಅವಳ ಮುಖ ನೋಡಿದಳು. ಮೂಗಿನ ಹೊಳ್ಳೆಗಳು ಅರಳಿದವು. ಅದು ನನಗೆ ಪರಿಚಯವಿದ್ದ ಮುಖಭಾವ. ಇಷ್ಟು ವರ್ಷ ಹುಲಿಯಮ್ಮನ ಮುಖದ ಮೇಲೆ ನೋಡಿದ್ದೆ. ಭೂಮಿಕಾ ಬೆಲ್ಟು ಎತ್ತಿಕೊಂಡು ಸೊಂಟಕ್ಕೆ ಕಟ್ಟಿಕೊಂಡಳು, ಯಂತ್ರದ ಮೇಲೆ ಕಾಲಿಟ್ಟಳು.

"ಇರೇ" ಎಂದಳು ಹುಲಿಯಮ್ಮ.

ಮಂಡಿಯೂರಿ ಕೂತು, ಎಡಗಾಲಿನ ಕುಣಿಕೆಯನ್ನು ಬಿಚ್ಚಿ ಈ ಮರದ ಅಳತೆಗೆ ಬಿಗಿ ಮಾಡಿದಳು. ಎರಡು ಸಲ ಎಳೆದು ನೋಡಿದಳು. ಆಮೇಲೆ ಬಲಗಾಲಿನದನ್ನೂ ಬಿಚ್ಚಿ ಮತ್ತೆ ಕಟ್ಟಿದಳು.