ಅಮರತ್ತಿ ಹೇಳಿದ ಕ್ಲೈಮ್ಯಾಕ್ಸು

ಕರೆಂಟು ಹೋದಾಗ ಫ್ಯಾನು ನಿಲ್ಲುವ ಮುಂಚೆ ಒಂದು ಸದ್ದು ಮಾಡುತ್ತದೆ, ನೀವೂ ಕೇಳಿರುತ್ತೀರಿ. ದೊಡ್ಡ ಸಪ್ಪಳವೇನಲ್ಲ. ಯಾರೋ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಉದ್ದಕ್ಕೆ ಉಸಿರು ಬಿಟ್ಟ ಹಾಗೆ. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಸಿಂಧನೂರಿನ ನಮ್ಮ ಮನೆಯಲ್ಲಿ ಮಗಳ ಜೊತೆ ಸಿನಿಮಾ ನೋಡುತ್ತ ಕೂತಿದ್ದಾಗ ಆ ಸದ್ದು ಬಂತು. ಮಗಳು ಮೊಬೈಲು ಎತ್ತಿಕೊಂಡು ಉಳಿದ ಸಿನಿಮಾವನ್ನು ಅದರಲ್ಲೇ ಮುಗಿಸಿದಳು. ನಾನು ಎದ್ದು ಮೊದಲು ಗ್ಯಾಸ್ ಬಂದಾಗಿದೆಯೇ ನೋಡಿದೆ, ಆಮೇಲೆ ಬಾಗಿಲ ಚಿಲಕ ನೋಡಿದೆ, ಆಮೇಲೆ ಕರೆಂಟು ಓಣಿಗೆಲ್ಲ ಹೋಗಿದೆಯೋ ನಮ್ಮ ಮನೆಗಷ್ಟೇ ಹೋಗಿದೆಯೋ ಎಂದು ಕಿಟಕಿಯಿಂದ ಇಣುಕಿದೆ. ಕರೆಂಟಿಗೂ ಗ್ಯಾಸಿಗೂ ಏನು ಸಂಬಂಧ ಎಂದು ಕೇಳಬೇಡಿ. ಸಂಶಯಕ್ಕೆ ಸಂಬಂಧ ಬೇಕಾಗಿಲ್ಲ. ನಮ್ಮ ಮನೆತನದ ಬಂಗಾರ ಯಾರ್‍ಯಾರ ಪಾಲಿಗೋ ಹೋಯಿತು, ಸಂಶಯ ಮಾತ್ರ ಪೂರ್ತಿ ನನಗೇ ಬಂತು.

ಕರೆಂಟು ಬಂದ ಮೇಲೆ ಆ ಸಿನಿಮಾದ ಬಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆದೆ. ಕೂಡಲೇ ಹೆಬ್ಬೆರಳುಗಳು ಎದ್ದವು. ಇಷ್ಟು ಬೇಗ ಎದ್ದ ಹೆಬ್ಬೆರಳನ್ನು ನಾನು ನಂಬುವುದಿಲ್ಲ. ಯಾರೂ ಸಿನಿಮಾ ನೋಡಿಲ್ಲ, ನಾನು ಬರೆದದ್ದನ್ನೂ ಓದಿಲ್ಲ ಎಂದೇ ನನ್ನ ಅನುಮಾನ. ಮಸ್ಕಿಯಲ್ಲಿರುವ ಅಮರತ್ತಿ, ಅಂದರೆ ನಮ್ಮಪ್ಪನ ತಂಗಿ ಅಮರಮ್ಮ, ಯಾವ ಸಿನಿಮಾದ ಮಾತು ಬಂದರೂ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತಾಳೆ. ಸಿನಿಮಾದ ಬಗ್ಗೆ ಅವಳು ಹೀಗೆ ಕೈಮುಗಿದು ಕೂರುವುದು ಎಂಥ ಅನ್ಯಾಯ ಎಂದು ನಿಮಗೆ ತಿಳಿಯಬೇಕಾದರೆ ನಮ್ಮ ಹಳೆಯ ಮನೆಯ ಭಾನುವಾರಗಳನ್ನು ಹೇಳಬೇಕು.

ಆ ಮನೆ ಹಳೇ ಬಜಾರದ ಹಿಂದಿನ ಓಣಿಯಲ್ಲಿತ್ತು. ಮುಂದೆ ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ದೊಡ್ಡಪ್ಪನ ಅಡತಿ ಅಂಗಡಿ, ಹಿಂದೆ ನಾವು. ಗೊರೇಬಾಳದ ಭತ್ತ, ವಳಕಮದಿನ್ನಿಯ ಭತ್ತ, ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರ ಭತ್ತ ಎಲ್ಲ ಅಂಗಡಿಯಲ್ಲಿ ಬಂದು ಬೀಳುತ್ತಿದ್ದುದರಿಂದ ಮನೆಯೊಳಗಿನ ಗಾಳಿಗೂ ಹೊಟ್ಟಿನ ತೆಳು ವಾಸನೆ ಇರುತ್ತಿತ್ತು; ಬೆಳಿಗ್ಗೆ ಅದಕ್ಕೆ ವಿಭೂತಿ ಮತ್ತು ಊದುಬತ್ತಿ ಸೇರುತ್ತಿದ್ದವು, ಸಂಜೆ ಮಿರ್ಚಿ ಕರಿದ ಎಣ್ಣೆ. ದೊಡ್ಡಪ್ಪ ಯಾವ ಚೀಲವನ್ನೂ ಬಾಯಿ ಬಿಚ್ಚಿ ನೋಡಿ ನಂಬಿದವನಲ್ಲ. ಮೇಲೆ ಒಳ್ಳೆಯ ಕಾಳು ಹಾಕಿ ಕೆಳಗೆ ಹಸಿ ಭತ್ತ ತುಂಬಿರುತ್ತಾರೆ ಎಂಬುದು ಅವನ ಸಿದ್ಧಾಂತ. ಕಬ್ಬಿಣದ ಚೂಪು ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚಿ, ಅದರಿಂದ ಅಂಗೈಗೆ ಜಾರಿದ ಹಿಡಿ ಭತ್ತವನ್ನು ಮೂಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು "ಹೂಂ" ಎನ್ನುತ್ತಿದ್ದ. ಆ "ಹೂಂ" ಬಂದರೆ ಮಾಲಿನಲ್ಲಿ ಏನೋ ಐಬು ಇದೆ ಎಂದು ಲೆಕ್ಕ. ಮನೆಯ ಜನರನ್ನೂ ಅವನು ಹೆಚ್ಚುಕಡಿಮೆ ಹಾಗೇ ನೋಡುತ್ತಿದ್ದ, ಕೊಳವೆಯೊಂದು ಕೈಯಲ್ಲಿರುತ್ತಿರಲಿಲ್ಲ ಅಷ್ಟೆ.

ಅಂಥವನು ಒಂದು ವರ್ಷ ಸುಗ್ಗಿ ಮುಗಿದ ಮೇಲೆ ವಿಸಿಆರ್ ತಂದ. ಹೆಣ್ಣುಮಕ್ಕಳು ಥೇಟರಿಗೆ ಹೋಗುವುದು ತಪ್ಪಲಿ ಎಂಬುದು ಅವನ ಒಳಗಿನ ಲೆಕ್ಕ, ಅದು ಎಲ್ಲರಿಗೂ ಗೊತ್ತಿತ್ತು. ಅಮರತ್ತಿ ಅದಕ್ಕೊಂದು ಕ್ರೋಶಾದ ಹೊದಿಕೆ ಹೆಣೆದಳು. ಪ್ರತಿ ಭಾನುವಾರ ಊಟವಾದ ಮೇಲೆ ಕಾಕಾ, ದೊಡ್ಡಪ್ಪನ ಕೊನೆಯ ತಮ್ಮ, ಬಜಾರದಿಂದ ಕ್ಯಾಸೆಟ್ಟು ತರುತ್ತಿದ್ದ. ಮಷೀನು ಕಾದು ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಪಡಸಾಲೆ ತುಂಬುವ ಹೊತ್ತಿಗೆ ಸಿನಿಮಾ ಮುಗಿಯುತ್ತಿತ್ತು. ನಿಜವಾದ ಸಿನಿಮಾ ಶುರುವಾಗುತ್ತಿದ್ದುದು ಆಮೇಲೆ. ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ, ಚಾ ಬರುತ್ತಿದ್ದವು, ದೊಡ್ಡಪ್ಪ ಗೋಡೆಗೆ ಒರಗಿ "ಹೇಳ್ರಿ, ಹೆಂಗಿತ್ತು?" ಎನ್ನುತ್ತಿದ್ದ. ಅಜ್ಜಿಯಿಂದ ಹಿಡಿದು ನನ್ನವರೆಗೆ ಪ್ರತಿಯೊಬ್ಬರೂ ಏನಾದರೂ ಹೇಳಲೇಬೇಕು. ಚಲೋ ಇತ್ತು ಎಂದರೆ ಸಾಲದು, ಯಾಕೆ ಚಲೋ ಎಂದು ಹೇಳಬೇಕು. ಅಜ್ಜಿಗೆ ಹಣೆಗೆ ವಿಭೂತಿ ಹಚ್ಚಿದ ಪಾತ್ರಗಳೆಲ್ಲ ಒಳ್ಳೆಯವರು. ದೊಡ್ಡವ್ವಗೆ ಸೀರೆಗಳ ಬಗ್ಗೆ ಅಭಿಪ್ರಾಯವಿರುತ್ತಿತ್ತು. ಕಾಕಾಗೆ ಹೊಡೆದಾಟದ ಬಗ್ಗೆ. ನಾನು ನಾಯಿ, ಕುದುರೆಗಳಿಗೆ ಪೆಟ್ಟಾಯಿತೇ ಎಂದು ಚಿಂತೆ ಮಾಡುತ್ತಿದ್ದೆ, ಈಗಲೂ ಅದನ್ನೇ ಮಾಡುತ್ತೇನೆ. ಅಮರತ್ತಿಯ ಸರದಿ ಬಂದಾಗ ಮಾತ್ರ ಎಲ್ಲರೂ ತಟ್ಟೆ ಕೆಳಗಿಟ್ಟು ಕೇಳುತ್ತಿದ್ದರು. ನಾವೆಲ್ಲ ನೋಡಿದ ಸಿನಿಮಾದಲ್ಲಿ ನಾವು ನೋಡದ ಇನ್ನೊಂದು ಸಿನಿಮಾ ಅವಳಿಗೆ ಕಂಡಿರುತ್ತಿತ್ತು. ಆ ಹುಡುಗ ಹೆಂಡತಿಯ ಜೊತೆ ಮಾತಾಡುವಾಗ ಒಮ್ಮೆಯೂ ಅವಳ ಮುಖ ನೋಡಲಿಲ್ಲ, ಅದಕ್ಕೇ ಮುಂದೆ ಬಿಟ್ಟುಹೋದ ಎನ್ನುತ್ತಿದ್ದಳು. ಹೌದಲ್ಲ ಎಂದು ನಮಗೆ ಆಗ ಅನ್ನಿಸುತ್ತಿತ್ತು. ದೊಡ್ಡಪ್ಪನಿಗೂ ಒಳಗೊಳಗೇ ಹೆಮ್ಮೆ. "ನಮ್ಮ ಅಮರಾ ಅಡತಿಗೆ ಕುಂತಿದ್ರ ನನ್ನ ಅಂಗಡಿ ಬಂದ್ ಮಾಡಿಸ್ತಿದ್ಲು" ಎಂದು ನಗುತ್ತಿದ್ದ.

ಆ ಭಾನುವಾರದ ಸಿನಿಮಾ ಒಂದು ದೊಡ್ಡ ಮನೆಯದು. ಹೀರೋನ ತಾಯಿಯ ಬಂಗಾರ ಕಳುವಾಗುತ್ತದೆ, ಬಡವರ ಮನೆಯಿಂದ ಬಂದ ಸೊಸೆಯ ಮೇಲೆ ಅಪವಾದ ಬರುತ್ತದೆ, ಅವಳನ್ನು ಹೊರಗೆ ಹಾಕುತ್ತಾರೆ. ಇನ್ನೇನು ಗುಟ್ಟು ಒಡೆಯಬೇಕು, ಕರೆಂಟು ಹೋಯಿತು. ಫ್ಯಾನು ಉಸಿರು ಬಿಟ್ಟಿತು. ಕ್ಯಾಸೆಟ್ಟನ್ನು ಸಂಜೆಯೊಳಗೆ ತಿರುಗಿ ಕೊಡಬೇಕಿತ್ತು, ಕರೆಂಟು ಬರಲಿಲ್ಲ, ಕಾಕಾ ಕೊಟ್ಟು ಬಂದ. ಆದರೂ ಒಗ್ಗರಣೆ ತಪ್ಪಲಿಲ್ಲ, ಸಿನಿಮಾದ ಪಂಚಾಯ್ತಿಯೂ ತಪ್ಪಲಿಲ್ಲ.

"ಸೊಸಿ ಕದ್ದಿಲ್ಲಣ್ಣ," ಎಂದಳು ಅಮರತ್ತಿ. "ಹೀರೋನ ಅವ್ವಾನೇ ಮುಚ್ಚಿಟ್ಟಾಳ. ಮನಿಯೆಲ್ಲಾ ಹುಡುಕಿದ್ರು, ದೇವರ ಜಗಲಿ ಒಂದು ಯಾರೂ ಮುಟ್ಟಲಿಲ್ಲ. ಅದರ ಕೆಳಗ ಇಟ್ಟಾಳ, ಬರೋಬ್ಬರಿ ನೋಡು. ಖರೇ ಗೊತ್ತಾದ ಮ್ಯಾಲ ಆ ಸೊಸಿ ತಿರುಗಿ ಬರಂಗಿಲ್ಲ ಆ ಮನಿಗೆ. ಹೆಂಗ ಬರ್ತಾಳ?"

"ಬಾಯಿ ನೋಡು ಇದರದು," ಎಂದಳು ದೊಡ್ಡವ್ವ. "ಪಿಚ್ಚರ್ ತಗದಾಂವನ ಮನಿಯಾಗ ಉಂಡು ಬಂದೋರಂಗ ಹೇಳ್ತೈತಿ."

"ಹೇಳಾಕ ಏನೈತಿ ವೈನಿ? ಬಂಗಾರ ಕಳಕೊಂಡಾಕಿ ಸುಮ್ಕ ಕುಂದ್ರತಾಳೇನು? ನಮ್ಮವ್ವನ ಮೂಗುತಿ ಕಳದಾಗ ಖಾಲಿ ಡಬ್ಬೀನ ಎಷ್ಟು ಸಲ ತಗದು ನೋಡ್ತಿದ್ಲು. ಈಕಿ ಒಮ್ಮೆನೂ ಆ ಬಂಗಾರದ ಪೆಟ್ಟಿಗಿ ಕಡೆ ತಿರುಗಿ ನೋಡಲಿಲ್ಲ."

ಕಾಕಾ ಮಿರ್ಚಿ ಕಚ್ಚುತ್ತ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದ: "ಹೋದ ತಿಂಗಳ ಥೇಟರಿನ್ಯಾಗ ಇದೇ ಪಿಚ್ಚರ್ ನಡದಿತ್ತಲ್ಲ."

ದೊಡ್ಡಪ್ಪ ಚಾ ಬಸಿಯನ್ನು ಬಾಯಿಯವರೆಗೆ ಒಯ್ದವನು ಕೆಳಗಿಟ್ಟ. "ಹೋದ ತಿಂಗಳ ನೀ ದಿನಾ ಮಧ್ಯಾಹ್ನ ಎಲ್ಲಿ ಹೊಂಟಿದ್ದಿ, ಅಮರಾ?"

"ಹೊಲಿಗಿ ಕ್ಲಾಸಿಗಣ್ಣ."

"ಹೂಂ," ಎಂದ ದೊಡ್ಡಪ್ಪ.

ಹೊಲಿಗೆ ಕ್ಲಾಸೆಂದರೆ ಅಮರತ್ತಿಯ ಜೀವ. ಅದು ಮುಗಿದರೆ ಮನೆಯ ಹಿಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಳ್ಳಬೇಕು, ಓಣಿಯವರ ಜಂಪರು ಹೊಲಿಯಬೇಕು, ಮದುವೆಯ ಮಾತು ಒಂದೆರಡು ವರ್ಷ ದೂಡಬೇಕು ಎಂದು ಅವಳು ಅಜ್ಜಿಯ ಹತ್ತಿರ ಮಾತು ತೆಗೆದುಕೊಂಡಿದ್ದಳು. ಮರುದಿನದಿಂದ ಕ್ಲಾಸು ಬಂದಾಯಿತು. ಕ್ಲಾಸಿಗೆ ಹೋಗಿದ್ದಳೋ ಇಲ್ಲವೋ ಎಂದು ಟೀಚರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ನೀವೂ ಅದನ್ನೇ ಅನ್ನುತ್ತೀರಿ. ಅಜ್ಜಿಯೂ ಅಂದಳು. "ಕೇಳಿದ್ರ ಊರಿಗೆ ನಾವ ಡಂಗುರ ಹೊಡದಂಗ ಯವ್ವ," ಎಂದ ದೊಡ್ಡಪ್ಪ. ಊರಿನ ಸಂಶಯಕ್ಕೆ ಅಂಜಿದವನು ಮನೆಯೊಳಗೇ ಒಂದು ಪರೀಕ್ಷೆ ಹುಡುಕಿದ. ಆ ಸಿನಿಮಾ ಮತ್ತೆ ತರಬೇಕು, ಎಲ್ಲರೂ ಕೂತು ಕೊನೆಯವರೆಗೆ ನೋಡಬೇಕು. ಅಮರತ್ತಿ ಹೇಳಿದ ಹಾಗೆ ಇದ್ದರೆ ಅವಳು ಕ್ಲಾಸು ತಪ್ಪಿಸಿ, ಯಾರ ಜೊತೆಗೋ ಥೇಟರಿಗೆ ಹೋಗಿ ನೋಡಿಬಂದಿದ್ದಾಳೆ. ಬೇರೆ ಥರ ಇದ್ದರೆ ಅವಳು ನಿರಪರಾಧಿ, ನಾಳೆಯಿಂದಲೇ ಕ್ಲಾಸು. ಸಿಂಧನೂರಿನಲ್ಲಿ ಅದೇ ಕ್ಯಾಸೆಟ್ಟನ್ನು ಎರಡನೇ ಸಲ ಕೇಳಿದರೆ ಅಂಗಡಿಯವನಿಗೆ ಏನೋ ವಾಸನೆ ಹತ್ತೀತೆಂದು ಕಾಕಾನನ್ನು ಬಸ್ಸು ಹತ್ತಿಸಿ, ಮಸ್ಕಿ ದಾಟಿಸಿ ಲಿಂಗಸೂಗೂರಿಗೆ ಕಳಿಸಿದ. ಕಾಕಾ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕದ್ದ ಮಾಲಿನಂತೆ ತಂದ.

ಆ ವಾರವೆಲ್ಲ ಮನೆ ಮೆಲುದನಿಯಲ್ಲಿ ಮಾತಾಡಿತು. ಒಂದು ಬೆಳಿಗ್ಗೆ ಅಮರತ್ತಿ ಅಜ್ಜಿಯ ಪಕ್ಕ ಕೂತು ಹೇಳಿದ್ದು ನನಗೆ ಕೇಳಿಸಿತು: "ಯವ್ವ, ನಾ ಹೇಳಿದ್ದೆಲ್ಲಾ ತಪ್ಪಾಗ್ಲೆಂತ ಬೇಡಿಕೊ." ಅಜ್ಜಿ ಪೂಜೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ನಾನೂ ಬೇಡಿಕೊಂಡೆ. ಆ ಬಡ ಸೊಸೆಯೇ ಕಳ್ಳಿಯಾಗಲಿ ದೇವರೇ ಎಂದು, ಹಿಂದಿನ ವಾರ ಅವಳಿಗಾಗಿ ಅತ್ತಿದ್ದ ನಾನು, ಕಣ್ಣು ಮುಚ್ಚಿ ಬೇಡಿಕೊಂಡೆ.

ಭಾನುವಾರ ಬಂತು. ಯಾವತ್ತೂ ಕೈಕೊಡುವ ಕರೆಂಟು ಅಂದು ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ. ಟಿವಿಯನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಅಮರತ್ತಿಯನ್ನು ನೋಡುತ್ತಿದ್ದೆವು. ಅವಳೊಬ್ಬಳೇ ಟಿವಿ ನೋಡುತ್ತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ. ಕೊನೆಗೆ ಹೀರೋ ದೇವರ ಜಗಲಿಯ ಮುಂದೆ ಬಗ್ಗಿದ, ಹಲಗೆ ಎತ್ತಿದ. ಕೆಂಪು ಬಟ್ಟೆಯ ಗಂಟು. ಬಿಚ್ಚಿದರೆ ಬಂಗಾರ. ಹಿಂದಿನಂತೆ ಅದು ಸಿನಿಮಾ ಪಂಚಾಯ್ತಿ ಆಗಿದ್ದರೆ ಕಾಕಾ ಶಿಳ್ಳೆ ಹಾಕಿ "ಭೇಷ್ ಅಮರಾ" ಎನ್ನುತ್ತಿದ್ದ. ಅಂದು ತಲೆ ತಗ್ಗಿಸಿದ. ಸಿನಿಮಾ ಇನ್ನೂ ಸ್ವಲ್ಪ ಉಳಿದಿತ್ತು. ಹೀರೋ ಹೋಗಿ ಹೆಂಡತಿಯನ್ನು ಕರೆದ, ಅವಳು ಬಂದು ಅದೇ ತಾಯಿಯ ಕಾಲಿಗೆ ಬಿದ್ದಳು, ಎಲ್ಲರೂ ಸೇರಿ ನಕ್ಕರು.

"ನೋಡಪ್ಪ, ತಿರುಗಿ ಬಂದ್ಲು," ಎಂದಳು ಅಜ್ಜಿ, ಮುಳುಗುವವರು ಏನಾದರೂ ಹಿಡಿದುಕೊಳ್ಳುವ ಹಾಗೆ. "ಬರಂಗಿಲ್ಲ ಅಂದಿದ್ಲು ಅಮರಾ. ನೋಡಿದಾಕಿ ಆಗಿದ್ರ ಹಂಗ ಹೇಳ್ತಿದ್ಲೇನು?"

"ಬಂಗಾರ ಎಲ್ಲಿತ್ತು ಅನ್ನೋದು ಮುಖ್ಯ ಯವ್ವ," ಎಂದ ದೊಡ್ಡಪ್ಪ.

ಅಮರತ್ತಿ ಎದ್ದು ನಿಂತಳು. ತಾನು ಹೋಗಿಲ್ಲ ಎಂದು ಆಣೆ ಮಾಡುತ್ತಾಳೆ, ಅಳುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಟಿವಿಯ ಕಡೆ ನೋಡುತ್ತಲೇ, "ಬರಬಾರದಿತ್ತು ಅಕಿ," ಎಂದಳು. ಒಳಗೆ ಹೋದಳು. ಸಿನಿಮಾದ ಬಗ್ಗೆ ಅವಳ ಬಾಯಿಂದ ನಾನು ಕೇಳಿದ ಕೊನೆಯ ಅಭಿಪ್ರಾಯ ಅದು.

ಮುಂದಿನ ಸುಗ್ಗಿಯ ಹೊತ್ತಿಗೆ ಅವಳನ್ನು ಮಸ್ಕಿಗೆ ಕೊಟ್ಟರು. ಮಾವ, ಅಂದರೆ ಅವಳ ಗಂಡ, ಕೆಟ್ಟವನಲ್ಲ, ಬಟ್ಟೆ ಅಂಗಡಿಯ ಸಾಧು ಮನುಷ್ಯ. ಹೊಲಿಯುವವರಿಗೆ ಬಟ್ಟೆ ಕತ್ತರಿಸಿ ಕೊಡುವ ಮನೆಯಲ್ಲಿ ಅವಳು ಎಂದೂ ಹೊಲಿಯಲಿಲ್ಲ. ಇತ್ತ ನಮ್ಮ ಪಡಸಾಲೆಯಲ್ಲಿ ಕ್ಯಾಸೆಟ್ಟು ಬರುತ್ತಲೇ ಇತ್ತು, ಒಗ್ಗರಣೆ ಮಿರ್ಚಿಯೂ ಇತ್ತು. ದೊಡ್ಡಪ್ಪ "ಹೇಳ್ರಿ, ಹೆಂಗಿತ್ತು?" ಎಂದರೆ ದೊಡ್ಡವ್ವ "ಚಲೋ ಐತ್ರಿ" ಎನ್ನುವಳು, ಕಾಕಾ "ಚಲೋ ಐತಿ" ಎನ್ನುವನು, ನಾನೂ ಅದನ್ನೇ ಹೇಳುವುದು. ಹೆಚ್ಚು ತಿಳಿದವರಂತೆ ಕಂಡರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಒಂದು ಭಾನುವಾರ ದೊಡ್ಡಪ್ಪ ನಮ್ಮ ಮುಖಗಳನ್ನೆಲ್ಲ ನೋಡಿ, "ಅಮರಾ ಇರಬೇಕಿತ್ತು," ಎಂದ. ದೊಡ್ಡವ್ವ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅಜ್ಜಿ ಹೋದಳು, ದೊಡ್ಡಪ್ಪ ಹೋದ, ಅಡತಿ ಮುಚ್ಚಿತು. ಮನೆ ಇದ್ದಲ್ಲಿ ಈಗ ಎರಡಂತಸ್ತಿನ ಕಟ್ಟಡವಿದೆ, ಕೆಳಗೆ ಬೈಕಿನ ಶೋರೂಮು. ಅದರ ಮುಂದೆ ಹಾದುಹೋಗುವಾಗ ನಾನು ಮೂಗೆಳೆದು ನೋಡುತ್ತೇನೆ. ಹೊಸ ಟೈರಿನ ವಾಸನೆ ಬಿಟ್ಟರೆ ಏನೂ ಸಿಗುವುದಿಲ್ಲ.

ಸುಳ್ಳು ಹೇಳುವುದಿಲ್ಲ, ನನಗೂ ಆಗಾಗ ಅನುಮಾನ ಬಂದಿದೆ. ದೊಡ್ಡಪ್ಪನ ರಕ್ತ ಅಲ್ಲವೇ. ನಿಜಕ್ಕೂ ಹೋಗಿದ್ದಳೋ ಏನೋ, ಹೋಗಿದ್ದರೂ ಏನು ಮಹಾ ಎಂದು ನಾನೇ ವಾದ, ನಾನೇ ಪ್ರತಿವಾದ ಮಾಡಿಕೊಂಡಿದ್ದೇನೆ. ಕೊನೆಗೆ ಅಜ್ಜಿಯ ಮಾತಿಗೇ ಬಂದು ನಿಲ್ಲುತ್ತೇನೆ. ನೋಡಿದವಳು ಕೊನೆಯನ್ನು ತಪ್ಪು ಹೇಳುವುದಿಲ್ಲ. ಅಮರತ್ತಿ ನೋಡದೆಯೇ ಹೇಳಿದಳು, ಮತ್ತು ಸಿನಿಮಾ ತೆಗೆದವರಿಗಿಂತ ಸರಿಯಾಗಿ ಹೇಳಿದಳು.

ಇದನ್ನು ಅವಳಿಗೆ ಹೇಳಿಬಿಡೋಣವೆಂದು ಕಳೆದ ವಾರ ಮಸ್ಕಿಗೆ ಹೋದೆ. ಅವಳ ಮಗನ ಮನೆಯಲ್ಲಿ ಗೋಡೆಯಗಲದ ಟಿವಿ ಇದೆ. ಮಗ, ಸೊಸೆ ಅಂಗಡಿಗೆ ಹೋಗಿದ್ದರು, ನಾವಿಬ್ಬರೇ. ಚಾ ಕುಡಿಯುತ್ತ ಒಂದು ಹೊಸ ಸಿನಿಮಾ ಹಾಕಿಕೊಂಡೆವು. ನಿವೃತ್ತನಾದ ಮುದುಕನೊಬ್ಬನ ಕಥೆ. ಅವನು ದಿನಾ ಸಂಜೆ ಮೊಮ್ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋಗುತ್ತಾನೆ, ಇಬ್ಬರೂ ಜಗಳಾಡುತ್ತ ತರಕಾರಿ ಆರಿಸುತ್ತಾರೆ. ಅರ್ಧ ದಾಟಿದ ಮೇಲೆ ನಾನು ರಿಮೋಟು ಒತ್ತಿ ನಿಲ್ಲಿಸಿದೆ. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ, ಬೇರೆಯೇ ಬಂತು.

"ಅತ್ತಿ, ಮುಂದೇನಾಗ್ತೈತಿ ಹೇಳು."

ಅವಳು ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ನನಗ ಹೆಂಗ ಗೊತ್ತಾಗ್ಬೇಕು ತಂಗಿ," ಎಂದಳು. "ನಾ ನೋಡಿಲ್ಲಲ್ಲ."

ನಾನು ಮತ್ತೆ ಒತ್ತಿದೆ. ಪರದೆಯ ಮೇಲೆ ಮುದುಕ ಬದನೆಕಾಯಿ ಎತ್ತಿ ಹಿಡಿದು ನಗುತ್ತಿದ್ದ, ಮೊಮ್ಮಗಳು ಬೇಡವೆಂದು ತಲೆಯಾಡಿಸುತ್ತಿದ್ದಳು, ಬಿಸಿಲು ಚೆನ್ನಾಗಿತ್ತು. ಅಮರತ್ತಿ ಸದ್ದಿಲ್ಲದೆ ಸೆರಗು ತೆಗೆದು ಕಣ್ಣಿಗೆ ಒತ್ತಿಕೊಂಡಳು. ಆ ಮುದುಕ ಸಾಯಲು ಇನ್ನೂ ಬಹಳ ಹೊತ್ತಿತ್ತು.